ಹತ್ತು ಗಂಟೆ ಹತ್ತು ನಿಮಿಷ

ಹುಬ್ಬಳ್ಳಿಯಲ್ಲಿ ದುಬಾರಿ ವಾಚುಗಳ ಒಂದು ಶೋರೂಮ್… ಒಳಗೆ ಏಸಿ, ಮೆತ್ತನೆಯ ಕುರ್ಚಿ, ಬಂದವರಿಗೆ ಕಾಫಿ.

ರುದ್ರೇಶ ಅಲ್ಲಿಯ ಹಳೆಯ ಸೇಲ್ಸ್‌ಮನ್. ಯಾರೇ ಬರಲಿ, ಮುಖಕ್ಕಿಂತ ಮೊದಲು ಮುಂಗೈ ನೋಡುವುದು ಅವನ ಅಭ್ಯಾಸ.

ಕೈಯಲ್ಲಿರುವ ವಾಚ್ ನೋಡಿಯೇ ಅವನು ತೀರ್ಮಾನಿಸುತ್ತಿದ್ದ… ಇವರಿಗೆ ಕುರ್ಚಿಯೋ, ಕಾಫಿಯೋ, ಬರೀ ನಗುವೋ ಎಂದು.

ಒಂದು ಮಧ್ಯಾಹ್ನ ಗಾಜಿನ ಬಾಗಿಲು ತಳ್ಳಿಕೊಂಡು ಒಬ್ಬ ಮುದುಕಿ ಬಂದಳು. ಹೆಸರು ಫಕೀರವ್ವ. ತಲೆಯ ಮೇಲೆ ಸೆರಗು, ಕಂಕುಳಲ್ಲಿ ಖಾಲಿ ಬೆಣ್ಣೆ ಡಬ್ಬಿಯ ಚೀಲ.

ಚಪ್ಪಲಿ ಹೊರಗೇ ಬಿಟ್ಟಿದ್ದಳು… ಗುಡಿಗೆ ಬಂದವಳ ಹಾಗೆ.

ರುದ್ರೇಶ ಮುಂಗೈ ನೋಡಿದ. ವಾಚ್ ಇರಲಿಲ್ಲ. ಬಳೆಯೂ ಇರಲಿಲ್ಲ.

"ಅಮ್ಮಾ, ವಾಚಿಗೆ ಸೆಲ್ ಹಾಕೋದು ಬಸ್ ಸ್ಟ್ಯಾಂಡ್ ಹತ್ತಿರ. ಇಲ್ಲಲ್ಲ," ಎಂದ.

"ಸೆಲ್ ಅಲ್ಲೋ ಯಪ್ಪಾ… ಆ ಕಿಡಕ್ಯಾಗ ಒಂದ ಗಡಿಯಾರ ಇತ್ತಲ್ಲ, ಅದೆಲ್ಲಿ ಹೋತು?"

ಅಂಗಡಿ ತೆರೆದಾಗಿನಿಂದ ರಸ್ತೆ ಕಡೆಯ ಗಾಜಿನ ಕಿಟಕಿಯಲ್ಲಿ ದೊಡ್ಡ ಡಯಲ್‌ನ ಒಂದು ವಾಚ್ ಇತ್ತು. ಅವತ್ತು ಬೆಳಿಗ್ಗೆಯಷ್ಟೇ ಅದನ್ನು ತೆಗೆದು, ಆ ಜಾಗದಲ್ಲಿ ಜಾಹೀರಾತಿನ ಟೀವಿ ಕೂರಿಸಿದ್ದರು.

ಅದು ಸಂಜೆ ಕಂಪನಿಗೆ ವಾಪಸ್ ಹೋಗುತ್ತದೆ ಎಂದು ರುದ್ರೇಶ ತಿಳಿಸಿದ. ಹೋಗುವ ಮುಂಚೆ ಒಂದು ಸಲ ತೋರಿಸಲು ಅವಳು ಕೇಳಿಕೊಂಡಳು. ಡಿಸ್‌ಪ್ಲೇ ಪೀಸು, ಹಾಗೆಲ್ಲ ಹೊರಗೆ ತೆಗೆಯುವಂತಿಲ್ಲ ಎಂದು ಬಣ್ಣದ ಪುಸ್ತಕ ತೆರೆದು ಅದರ ಫೋಟೋ ತೋರಿಸಿದ.

ಅವಳು ಫೋಟೋ ನೋಡಲಿಲ್ಲ.

ಅಷ್ಟರಲ್ಲಿ ಕಾರಿನ ಕೀ ತಿರುಗಿಸುತ್ತಾ ಒಬ್ಬರು ಬಂದರು. ಮುಂಗೈ ಹೊಳೆಯುತ್ತಿತ್ತು. ರುದ್ರೇಶ ಅತ್ತ ಹೋದ.

ಕೂರು ಎಂದಾಗಲಿ, ಹೋಗು ಎಂದಾಗಲಿ ಯಾರೂ ಹೇಳದೆ ಫಕೀರವ್ವ ಸ್ವಲ್ಪ ಹೊತ್ತು ನಿಂತಳು… ಆಮೇಲೆ ತಾನೇ ಹೊರಗೆ ಹೋದಳು.

ಊರಿಗೆ ಮಾತ್ರ ಹೊರಡಲಿಲ್ಲ. ಕಿಟಕಿಯ ಕೆಳಗಿನ ಮೆಟ್ಟಿಲ ಮೇಲೆ ಕುಳಿತಳು.

ತುಸು ಹೊತ್ತಿಗೆ ಬಾಗಿಲು ಕಾಯುವ ಇಮಾಮಸಾಬ ಒಳಗೆ ಬಂದು ರುದ್ರೇಶನ ಪಕ್ಕ ನಿಂತ. ಅವನು ಹೇಳಿದ್ದು ಇಷ್ಟು…

ಬೆಣ್ಣೆ ಮಾರಲು ಪೇಟೆಗೆ ಬಂದಾಗಲೆಲ್ಲ ಈ ಮುದುಕಿ, ಅವಳ ಗಂಡ ಇಬ್ಬರೂ ಈ ಕಿಟಕಿಯ ಮುಂದೆ ಬಂದು ಕೂರುತ್ತಿದ್ದರು. ಒಂದೇ ಪೊಟ್ಟಣದ ಹುರಿದ ಶೇಂಗಾ, ಇಬ್ಬರದೂ ಪಾಲು. ಊರಿನಲ್ಲಿ ಅವನು ಹೊಲದಲ್ಲಿ, ಇವಳು ಎಮ್ಮೆಗಳ ಹಿಂದೆ… ಜೋಡಿಯಾಗಿ ಕೂರಲು ಸಿಗುತ್ತಿದ್ದುದು ಇದೊಂದೇ ಜಾಗ.

ಹೊತ್ತಾಯಿತು ಏಳಿ ಎಂದು ಅವಳು ಅವಸರ ಮಾಡಿದರೆ, ಮುದುಕ ಕಿಟಕಿಯತ್ತ ಕೈ ಮಾಡಿ ಇನ್ನೂ ಹತ್ತೂ ಹತ್ತಾಗಿದೆ, ಬಸ್ಸಿಗೆ ಬೇಕಾದಷ್ಟು ಹೊತ್ತಿದೆ ಎನ್ನುತ್ತಿದ್ದನಂತೆ. ಅದು ಕೆಟ್ಟು ನಿಂತ ಗಡಿಯಾರ ಎಂದು ಇವಳ ಚುಚ್ಚುಮಾತು.

"ಕೆಟ್ಟಿಲ್ಲ, ನಮ್ಮ ಸಲುವಾಗಿ ನಿಂತೈತಿ ಅಂತಿದ್ದರ್ರೀ ಆ ಅಜ್ಜಾರು," ಎಂದ ಇಮಾಮಸಾಬ. "ಈ ಸಲ ಒಬ್ಬಾಕೇ ಬಂದಾಳ."

ಆ ಇಬ್ಬರನ್ನು ಒಳಗಿನಿಂದ ರುದ್ರೇಶನೂ ಎಷ್ಟೋ ಸಲ ನೋಡಿದ್ದ… ನೆರಳಿಗೆ ಕೂತಿದ್ದಾರೆ ಎಂದುಕೊಂಡಿದ್ದ.

ಪ್ಯಾಕ್ ಆಗಿದ್ದ ಡಬ್ಬಿ ಬಿಚ್ಚಿ, ವಾಚನ್ನು ಮಖಮಲ್ಲಿನ ತಟ್ಟೆಯಲ್ಲಿಟ್ಟ. ಮ್ಯಾನೇಜರ್ ಹುಬ್ಬೇರಿಸಿದ್ದು ಕಂಡರೂ ಬಾಗಿಲಿಗೆ ಹೋದ. ಅಂಗಡಿಯ ನಯದ ಕನ್ನಡ ಆಗ ಬಾಯಿಗೆ ಬರಲಿಲ್ಲ.

"ಬೇ ಯವ್ವಾ, ಒಳಗ ಬರ್ರಿ. ಚಪ್ಪಲ್ ಹಾಕ್ಕೊಂಡ ಬರ್ರಿ."

ಅವಳು ಕುರ್ಚಿಯ ತುದಿಯಲ್ಲಿ ಕುಳಿತಳು. ಸೆರಗಿಗೆ ಕೈ ಒರೆಸಿಕೊಂಡು, ವಾಚನ್ನು ಬೊಗಸೆಯಲ್ಲಿ ಹಿಡಿದಳು… ಈಗಷ್ಟೇ ಕಣ್ಣು ಬಿಟ್ಟ ಮರಿಯನ್ನು ಹಿಡಿದ ಹಾಗೆ.

ಹತ್ತು ಗಂಟೆ ಹತ್ತು ನಿಮಿಷ.

ಅಂಗಡಿಯ ವಾಚುಗಳನ್ನೆಲ್ಲ ಅದೇ ಹೊತ್ತಿಗೆ ನಿಲ್ಲಿಸಿ ಇಡುವುದು ರೂಢಿ. ಕೊಳ್ಳುವವರು ಎಂದು ಖಾತ್ರಿಯಾದರೆ ಮಾತ್ರ ಪಕ್ಕದ ಪುಟ್ಟ ಗುಂಡಿ ತಿರುಗಿಸಿ, ಒತ್ತಿ, ನಡೆಸಿ ತೋರಿಸುತ್ತಾರೆ.

ರುದ್ರೇಶನಿಗೆ ಗೊತ್ತಿದ್ದ ದೊಡ್ಡ ಮರ್ಯಾದೆ ಅದೇ. ಇವತ್ತು ಇವಳಿಗೂ ನಡೆಸಿ ತೋರಿಸೋಣ ಎಂದು ಕೈ ಚಾಚಿದ.

ಫಕೀರವ್ವ ಬೊಗಸೆ ಮುಚ್ಚಿಕೊಂಡಳು.

"ಬ್ಯಾಡೋ ಯಪ್ಪಾ, ನಡಸಬ್ಯಾಡ… ನಡದ್ರ ಹೊತ್ತಾಗತೈತಿ. ಆಮ್ಯಾಲ ಅವರೂ ಏಳ ಹೋಗೂಣು ಅಂತಾರ."

ಚಾಚಿದ ಕೈ ಹಾಗೇ ನಿಂತಿತು…

ಕಾಫಿ ಬಂತು, ಆರಿತು. ಕಾರಿನ ಕೀಯವರು ಎರಡು ಸಲ ಕರೆದರು. ಬೇರೆಯವರನ್ನು ಕಳಿಸಿ ರುದ್ರೇಶ ಅಲ್ಲೇ ಕುಳಿತ. ಅವಳು ಬೊಗಸೆಯನ್ನೇ ನೋಡುತ್ತಿದ್ದಳು. ನಡುವೆ ಒಮ್ಮೆ ಯಾವುದೋ ಹಳೆಯ ಮಾತಿಗೆ ಎಂಬಂತೆ ನಕ್ಕಳು.

ಕೊನೆಗೆ ತಾನೇ ವಾಚನ್ನು ತಟ್ಟೆಗೆ ಇಳಿಸಿ, ಗಾಜಿನಾಚೆಯ ರಸ್ತೆ ನೋಡಿದಳು.

"ಹೊರಗ ಎಷ್ಟಾತು?"

ನಾಲ್ಕು ಹೊಡೆಯುತ್ತ ಬಂತು ಎಂದ ರುದ್ರೇಶ. ಹಾಗಾದರೆ ಬಸ್ಸಿನ ಹೊತ್ತಾಯಿತು ಎಂದು ಎದ್ದಳು.

ಬಾಗಿಲ ಬಳಿ ನಿಂತು, ಚೀಲದಿಂದ ಶೇಂಗಾದ ಪೊಟ್ಟಣ ತೆಗೆದಳು. ಅರ್ಧ ಖಾಲಿಯಾಗಿತ್ತು. ಉಳಿದ ಅರ್ಧವನ್ನು ರುದ್ರೇಶನ ಅಂಗೈಗೆ ಸುರಿದಳು.

"ಅವರ ಪಾಲಿಂದು… ನೀ ತಿನ್ನ."

ಆ ಸಂಜೆ ರುದ್ರೇಶ ವಾಚನ್ನು ಮತ್ತೆ ಡಬ್ಬಿಗೆ ಹಾಕಿದ. ಮುಳ್ಳು ಕದಲದ ಹಾಗೆ, ಬಹಳ ಮೆಲ್ಲಗೆ…

ಅಂಗಡಿಗೆ ಬಂದವರೆಲ್ಲ ಕೊಳ್ಳಲೆಂದೇ ಬಂದಿರುವುದಿಲ್ಲ… ಕೆಲವರು ತಮ್ಮದೇ ಏನನ್ನೋ ಅಲ್ಲಿ ಇಟ್ಟು ಹೋಗಿರುತ್ತಾರೆ.

ನಿಮ್ಮ ಬಾಗಿಲಲ್ಲೂ ಹೀಗೆ ಒಂದು ಗಳಿಗೆ ನಿಂತು, ಯಾರೂ ಕೂರು ಎನ್ನದೆ ಹೊರಟುಹೋದವರು ಈಗ ನೆನಪಾಗುತ್ತಿದ್ದಾರಾ?