ಮಳೆಗೆ ಮೊದಲಿನ ಮದ್ದು

ಆಲೆಟ್ಟಿಯ ಕೃಷ್ಣಮೋಹನ ಅಂಗಳದ ಡ್ರಮ್ಮಿನಲ್ಲಿ ಅಡಿಕೆಗೆ ಬಿಡುವ ಮೈಲುತುತ್ತು ಕರಗಿಸುತ್ತಿದ್ದಾಗ ಆಶಾ ಕಾರ್ಯಕರ್ತೆ ಶೀಲಾವತಿ ಬಂದು ನಿಂತಳು. ಕೂರಲು ಹೇಳಿದರೂ ಕೂರಲಿಲ್ಲ.

"ಅಚ್ಚುತನ ಮಗು ಪುತ್ತೂರಿನ ಆಸ್ಪತ್ರೆಯಲ್ಲಿ ಉಂಟು. ದಡಾರ. ಶ್ವಾಸಕೋಶಕ್ಕೆ ಇಳಿದಿದೆಯಂತೆ, ನಿನ್ನೆಯಿಂದ ಕಣ್ಣು ಬಿಟ್ಟಿಲ್ಲ."

"ಪಾಪ. ಅದಕ್ಕಾ ಅವ ಎರಡು ದಿನದಿಂದ ಬಾರದ್ದು?"

ಅಚ್ಚುತ ಕೃಷ್ಣಮೋಹನನ ಅಡಿಕೆ ಮರ ಹತ್ತಿ ಮದ್ದು ಬಿಡುವವನು. ಅವನ ಹೆಂಡತಿ ಅಡಿಕೆ ಸುಲಿಯಲು ಇದೇ ಮನೆಗೆ ಬರುತ್ತಿದ್ದಳು. ಎಂಟು ತಿಂಗಳ ಮಗುವನ್ನು ಜಗಲಿಯಲ್ಲಿ ಸೀರೆಯ ತೊಟ್ಟಿಲು ಕಟ್ಟಿ ಮಲಗಿಸುತ್ತಿದ್ದಳು. ಮೂರು ವಾರದ ಹಿಂದೆ ಈ ಮನೆಯ ಮಗ ಕಿಶನ್ ಕೆಮ್ಮುತ್ತ ಕೆಮ್ಮುತ್ತಲೇ ಆ ತೊಟ್ಟಿಲು ತೂಗಿದ್ದ. ಮರುದಿನ ಅವನ ಮೈತುಂಬ ಕೆಂಪು ಗುಳ್ಳೆ. ಐದು ವರ್ಷದ ಆ ಹುಡುಗನಿಗೆ ಒಂದೇ ಒಂದು ಲಸಿಕೆ ಹಾಕಿಸಿರಲಿಲ್ಲ. ಶೀಲಾವತಿ ಆರು ಸಲ ಗುಡ್ಡ ಹತ್ತಿ ಬಂದು ಹೇಳಿದ್ದಳು. ಡಿಗ್ರಿ ಓದಿದ ಈ ಮಹಾನುಭಾವ ಲಸಿಕೆಯ ವಿರುದ್ಧ ಮೊಬೈಲಿಗೆ ಬಂದದ್ದನ್ನೆಲ್ಲ ಅವಳಿಗೇ ಓದಿ ಹೇಳಿ ಕಳಿಸಿದ್ದ. ಅಚ್ಚುತನ ಹೆಂಡತಿಯಾದರೋ ಮಗುವಿನ ಒಂದು ಚುಚ್ಚುಮದ್ದನ್ನೂ ತಪ್ಪಿಸಿದವಳಲ್ಲ. ದಡಾರದ್ದು ಹಾಕುವುದು ಒಂಬತ್ತು ತಿಂಗಳು ತುಂಬಿದ ಮೇಲೆ. ಕಿಶನ್ ತೊಟ್ಟಿಲು ತೂಗಿದ ದಿನಕ್ಕೆ ಅದಕ್ಕೆ ಇನ್ನೂ ಹದಿನೆಂಟು ದಿನ ಇತ್ತು.

"ನಮ್ಮ ಕಿಶನಿಗೂ ಬಂತಲ್ಲ ಶೀಲಕ್ಕ, ಕಷಾಯದಲ್ಲೇ ಗುಣ ಆಯ್ತು. ಆ ಮಗುವಿಗೆ ತಡೆಯುವ ಶಕ್ತಿ ಇಲ್ಲ, ಅಷ್ಟೆ."

ಶೀಲಾವತಿಗೆ ಮೈಯೆಲ್ಲ ಉರಿಯಿತು. ರೋಗ ಹೋದದ್ದು ಈ ಜಗಲಿಯಿಂದ, ತಪ್ಪು ಮಾತ್ರ ಆ ಕೂಸಿನದ್ದು! ಕಿಶನ್ ಅಂಗಳದ ಆಚೆ ಸೈಕಲ್ಲು ಸುತ್ತಿಸುತ್ತಿದ್ದ. ಅವನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ.

ಕೃಷ್ಣಮೋಹನ ಕೋಲಿನಿಂದ ನೀಲಿ ನೀರು ಕದಡುತ್ತ ಕೇಳಿದ. "ಮರ ಹತ್ತುವವರು ಬೇರೆ ಯಾರಾದ್ರೂ ಉಂಟಾ? ಮಳೆ ಹಿಡಿಯುವ ಮೊದಲು ಮದ್ದು ಬಿಟ್ಟಾಗ್ಬೇಕು. ಅಡಿಕೆಗೆ ಕೊಳೆರೋಗ ಬಂದ ಮೇಲೆ ಬಿಟ್ಟು ಎಂತ ಪ್ರಯೋಜನ?"

ಶೀಲಾವತಿ ಚೀಲದಿಂದ ರಿಜಿಸ್ಟರ್ ತೆಗೆದು ಫೆಬ್ರವರಿಯ ಪುಟ ಬಿಡಿಸಿದಳು. ಲಸಿಕೆ ಬೇಡವೆಂದವರು ಕಾರಣ ಬರೆದು ಕೊಡಬೇಕಾದ ಜಾಗದಲ್ಲಿ ಅವನದೇ ದುಂಡಗಿನ ಅಕ್ಷರವಿತ್ತು: 'ರೋಗವೇ ಇಲ್ಲದ ಮಗುವಿಗೆ ಮದ್ದು ಯಾಕೆ?' ಕೆಳಗೆ ಸಹಿ.

ಅವಳು ಆ ಪುಟವನ್ನು ಅವನ ಮುಂದೆ ಹಿಡಿದು, ಪೆನ್ನು ಕೊಟ್ಟಳು.

"ಮದ್ದಿನ ಬಗ್ಗೆ ಈಗ ಹೇಳಿದ್ದನ್ನೂ ಇದರ ಕೆಳಗೆ ಬರೆದು ಕೊಡಿ, ಅಣ್ಣ."