ನಕ್ಷೆಯಲ್ಲೊಂದು ಕೊಲ್ಲಿ

ಇಂಗ್ಲಿಷ್ ಟೀಚರಾಗಲಿರುವ ಹುಡುಗಿ ಪರೀಕ್ಷಾ ಪಾಠಕ್ಕೆ ನಿಂತು, ಶಾಲೆಯ ಹೊಸ ಬೋರ್ಡಿನ ಮೇಲೆ ಇಂಗ್ಲೆಂಡಿನ ನಕ್ಷೆ ಬಿಡಿಸುತ್ತ, ದಕ್ಷಿಣ ತೀರದಲ್ಲಿ ಸೀಮೆಸುಣ್ಣವನ್ನು ಒಳಕ್ಕೆ ತಿರುಗಿಸಿ ಒಂದು ಕೊಲ್ಲಿ ಮಾಡಿದಳು. ಹಿಂದಿನ ಬೆಂಚಿನಲ್ಲಿದ್ದ ಅವಳ ಬಿ.ಎಡ್. ಕಾಲೇಜಿನ ಮೇಡಂ ಮುಂದಕ್ಕೆ ಬಾಗಿ ನೋಡಿದರು. ಅಲ್ಲಿ ಅಂಥ ಕೊಲ್ಲಿಯೇ ಇಲ್ಲ. ಕಾಲೇಜಿನ ಹಳೇ ಬೋರ್ಡಿನಲ್ಲಿ ಆ ಜಾಗದ ಸಿಮೆಂಟು ಕಿತ್ತುಹೋಗಿತ್ತು. ಹತ್ತೊಂಬತ್ತು ವರ್ಷದಿಂದ ಈ ನಕ್ಷೆ ಬಿಡಿಸುವಾಗೆಲ್ಲ ಮೇಡಂ ಕೈ ಆ ಗುಂಡಿಯನ್ನು ಬಳಸಿಕೊಂಡು ಹೋಗುತ್ತಿತ್ತು. ನುಣುಪು ಬೋರ್ಡಿನ ಮೇಲೆ ಆ ತಿರುವು ಇವತ್ತೇ ಮೊದಲ ಸಲ ಅವರ ಕಣ್ಣಿಗೆ ಬಿತ್ತು.

"ಈ ಕೊಲ್ಲಿ ದಡದ ಜನ ಮೀನು ಹಿಡಿದು ಬದುಕ್ತಾರೆ," ಎಂದಳು ಹುಡುಗಿ. ಮಕ್ಕಳು ಬರೆದುಕೊಂಡರು.

ಪಕ್ಕದಲ್ಲಿದ್ದ ಪರೀಕ್ಷಕಿ ಪೆನ್ನೆತ್ತಿದಳು. ಅವಳೂ ಒಂದು ಕಾಲಕ್ಕೆ ಮೇಡಂ ಶಿಷ್ಯೆಯೇ. ಮೇಡಂ ಅವಳ ಮುಂಗೈ ಹಿಡಿದುಕೊಂಡರು. "ತಪ್ಪು ನಂದಮ್ಮ. ಅವಳ ಮಾರ್ಕ್ಸ್ ಕಳೀಬೇಡ."

"ಯಾವ ತಪ್ಪು ಮೇಡಂ? ನೀವು ಕಲಿಸಿದ ಹಾಗೇ ಬರ್ದಿದ್ದಾಳಲ್ಲ." ಪರೀಕ್ಷಕಿ ನಕ್ಕು ಪೂರ್ತಿ ಮಾರ್ಕ್ಸ್ ಹಾಕಿದಳು. "ನಿನ್ನೆ ಬೇರೆ ಕಾಲೇಜಿನವಳೊಬ್ಬಳು ಕೊಲ್ಲೀನೇ ಬಿಟ್ಟಿದ್ಲು. ಐದು ಮಾರ್ಕ್ಸ್ ಕಳೆದೆ. ಮೂರನೇ ಸಲ ಕೂತಿದ್ಲು ಪಾಪ, ಎರಡು ಮಾರ್ಕ್ಸಲ್ಲಿ ಫೇಲಾದ್ಲು."