ಇಪ್ಪತ್ತೇಳು ಹಡಗುಗಳು

ಇನ್‌ಸ್ಪೆಕ್ಟರ್ ಕಪಾಟಿನಿಂದ ಒಂದು ಬಾಟಲಿ ಎತ್ತಿ ಮೂಸಿದ. ಆಮೇಲೆ ಲಿಂಗರಾಜನ ಮುಖದ ಹತ್ತಿರ ಬಂದು, ಉಸಿರು ಬಿಡಿ ಎಂದ.

ಲಿಂಗರಾಜ ಉಸಿರು ಬಿಟ್ಟ. ಬೆಳಗಿನ ಅವಲಕ್ಕಿ ಒಗ್ಗರಣೆ ಬಿಟ್ಟರೆ ಅದರಲ್ಲಿ ಬೇರೇನೂ ಇರಲಿಲ್ಲ. ಆದರೂ ಎರಡು ಹೆಜ್ಜೆ ಹಿಂದೆ ಸರಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿ ಆಸಾಮಿ.

ಗುಜರಾತಿನಲ್ಲಿ ಪಾನನಿಷೇಧ. ಹೆಂಡದ ಖಾಲಿ ಬಾಟಲಿಯೂ ಅಲ್ಲಿ ಬಾಯಿಬಿಟ್ಟು ಸಾಕ್ಷಿ ಹೇಳುತ್ತದೆ. ಎರಡು ವರ್ಷದ ಹಿಂದೆ ನರೋಡಾದಲ್ಲಿದ್ದಾಗ ಲಿಂಗರಾಜನ ಮನೆಯ ಕಸದಲ್ಲಿ ಒಂದೇ ಒಂದು ಸಿಕ್ಕಿ, ನೆರೆಹೊರೆಯವರು ಗುಂಪುಗೂಡಿ ಮನೆ ಬಿಡಿಸಿದ್ದರು. ವಿಮಾ ಕಚೇರಿಯವರು ಅವನನ್ನು ವಡೋದರೆಗೆ ವರ್ಗ ಮಾಡಿ, ಇನ್ನೊಮ್ಮೆ ಹೀಗಾದರೆ ನೌಕರಿಯೇ ಇಲ್ಲ ಎಂದಿದ್ದರು. ಈಗ ವಡೋದರೆಯ ಮಾಂಜಲ್‌ಪುರದಲ್ಲೂ ಯಾರೋ ದೂರು ಕೊಟ್ಟಿದ್ದಾರೆ. ಕಪಾಟಿನಲ್ಲಿ ಇಪ್ಪತ್ತೇಳು ಬಾಟಲಿ. ಒಂದೊಂದರೊಳಗೂ ಒಂದೊಂದು ಹಳೆಯ ಕಾಲದ ಹಡಗು.

ಬಾಟಲಿ ಎಲ್ಲಿಂದ ಬರುತ್ತವೆ ಎಂದು ಇನ್‌ಸ್ಪೆಕ್ಟರ್ ಕೇಳಿದ. ಗುಜರಿಯವನಿಂದ ಎಂದ ಲಿಂಗರಾಜ. ಉಳಿದದ್ದನ್ನು ಹಡಗುಗಳೇ ಹೇಳಲಿ ಎಂದು ತೋರಿಸತೊಡಗಿದ. ಇದು ಮೊಗಲರ ಗಂಜ್-ಇ-ಸವಾಯಿ. ಹಜ್ ಮುಗಿಸಿ ಸೂರತ್‌ಗೆ ಮರಳುವಾಗ ಕಡಲ್ಗಳ್ಳರ ಕೈಗೆ ಸಿಕ್ಕಿ ಲೂಟಿಯಾಯಿತು. ಕಂಬಗಳನ್ನು ಮಡಚಿ ಬಾಟಲಿಯ ಕತ್ತಿನಿಂದ ತೂರಿಸಿ, ಒಳಗೆ ಹೋದ ಮೇಲೆ ದಾರ ಎಳೆದು ನಿಲ್ಲಿಸಬೇಕು. ಇದು ವೀಜಳಿ, ೧೮೮೮ರಲ್ಲಿ ಮಾಂಡ್ವಿಯಿಂದ ಮುಂಬಯಿಗೆ ಹೊರಟದ್ದು ಬಿರುಗಾಳಿಗೆ ಸಿಕ್ಕಿ ಜನರ ಸಮೇತ ಮಾಯವಾಯಿತು.

ಇನ್‌ಸ್ಪೆಕ್ಟರನ ಕೈ ಅಲ್ಲೇ ನಿಂತಿತು. ಅವನ ಊರೇ ಮಾಂಡ್ವಿಯಂತೆ. ಅಜ್ಜಿಯ ಅಜ್ಜ ಅದೇ ಹಡಗಿನಲ್ಲಿ ಹೋದವನಂತೆ. ಟೋಪಿ ತೆಗೆದು ಕುರ್ಚಿಯಲ್ಲಿ ಕೂತ.

ಹೆಂಡತಿ ರಮಾಮಣಿ ಚಹಾ ತಂದು ದೂರದಿಂದಲೇ ಇಟ್ಟು, ಸೆರಗನ್ನು ಬಾಯಿಗೆ ಒತ್ತಿಕೊಂಡು ಬಾಗಿಲ ಬಳಿ ನಿಂತಳು. ಈ ಕಾಲದಲ್ಲೂ ಇಷ್ಟು ಸಂಕೋಚವೇ ಎಂದು ಇನ್‌ಸ್ಪೆಕ್ಟರನಿಗೆ ಗೌರವ ಹುಟ್ಟಿತು. ಗಂಡನ ಈ ಹುಚ್ಚನ್ನು ಹೇಗೆ ಸಹಿಸಿಕೊಂಡಿದ್ದೀರಿ ಬೆನ್ ಎಂದು, ಅಕ್ಕನನ್ನು ಕರೆದಂತೆ, ಕೇಳಿದ.

"ಇವರು ಇದನ್ನೆಲ್ಲ ಮಾಡೋದು ನನಗೋಸ್ಕರ," ಎಂದಳು ಅವಳು, ಹರಕು ಹಿಂದಿಯಲ್ಲಿ. ಕಣ್ಣು ತುಂಬಿತ್ತು.

ತನ್ನ ಮಗಳಿಗೂ ಒಂದು ಹಡಗು ಮಾಡಿಕೊಡಿ ಎಂದು ಇನ್‌ಸ್ಪೆಕ್ಟರ್ ಎದ್ದ. ಲಿಂಗರಾಜ ಕೈಮುಗಿದ. ಬೇಕಾದರೆ ಇಪ್ಪತ್ತೇಳನ್ನೂ ಒಯ್ಯಿರಿ, ಹೊಸದನ್ನು ಮಾತ್ರ ಕೇಳಬೇಡಿ. ಇನ್ನೊಂದು ಮಾಡುವ ಹಣೆಬರಹ ಬಾರದಿರಲಿ ಎಂದು ದಿನಾ ದೇವರಿಗೆ ದೀಪ ಹಚ್ಚುತ್ತಿದ್ದೇನೆ ಎಂದ. ಕಲಾವಿದರೇ ಹೀಗೆ ಎಂದು ನಗುತ್ತ ಇನ್‌ಸ್ಪೆಕ್ಟರ್ ಜೀಪು ಹತ್ತಿದ.

ಜೀಪಿನ ಸದ್ದು ಅಡಗಿತು. ಲಿಂಗರಾಜನಿಗೆ ಹೋದ ಜೀವ ಬಂದಂತಾಯಿತು. ಗದಗಿನಲ್ಲಿ ಹುಟ್ಟಿ ಇವತ್ತಿಗೂ ಸಮುದ್ರ ಕಾಣದ ಆ ಮನುಷ್ಯ ಗೋಡೆಗೊರಗಿ ಕೂತು ಬಿಕ್ಕಿಬಿಕ್ಕಿ ಅತ್ತ.

ರಮಾಮಣಿ ಅಡುಗೆಮನೆಗೆ ಹೋಗಿ, ನಸುಕಿನಲ್ಲಿ ತಾನು ಕುಡಿದು ಮುಗಿಸಿದ್ದ ಬಾಟಲಿಯನ್ನು ಜೋಳದ ಹಿಟ್ಟಿನ ಡಬ್ಬಿಯಿಂದ ತೆಗೆದು ತಂದು ಅವನ ಮುಂದಿಟ್ಟು, "ಇದೊಂದರಾಗೂ ಹಡಗ ಕೂಡಿಸಿಬಿಡ್ರೀ, ಇದೇ ಕಡೀದು," ಎಂದಳು.